ಶೇ. 80 ಬ್ಲಾಕ್ ಇದೆ: ಸ್ಟೆಂಟ್ ಹಾಕಿಸಬೇಕೇ, ಮಾತ್ರೆ ಸಾಕೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ತಂದೆಗೆ 63 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿ.ಪಿ.ಗೂ ಮಾತ್ರೆ ಇದೆ. ಐದು ತಿಂಗಳಿಂದ ತೋಟದಿಂದ ಅಂಗಳಕ್ಕೆ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ, ಮೂರು ನಾಲ್ಕು ನಿಮಿಷ ನಿಂತರೆ ಬಿಡುತ್ತದೆ. ಕೂತಾಗ, ಮಲಗಿದಾಗ ಬಂದದ್ದಿಲ್ಲ. ಮಂಗಳೂರಿನಲ್ಲಿ ತೋರಿಸಿದೆವು. ಟಿಎಂಟಿ (ಯಂತ್ರದ ಮೇಲೆ ನಡೆಸಿ ತೆಗೆಯುವ ಇಸಿಜಿ) ಪಾಸಿಟಿವ್. ಆಂಜಿಯೋಗ್ರಾಂನಲ್ಲಿ ಎಲ್‌ಎಡಿ (ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ) ನಾಳದ ನಡುಭಾಗದಲ್ಲಿ ಶೇ. 80, ಆರ್‌ಸಿಎಯಲ್ಲಿ (ಬಲಬದಿಯ ನಾಳ) ಶೇ. 50 ಬ್ಲಾಕ್ ಎಂದು ಬರೆದಿದ್ದಾರೆ. ಎಡ ಮುಖ್ಯ ನಾಳ ಸರಿ ಇದೆಯಂತೆ, ಪಂಪಿಂಗ್ (ಒಂದು ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಪಾಲು) ಶೇ. 60. ತಂದೆ ಟೇಬಲ್ ಮೇಲಿರುವಾಗಲೇ ಸ್ಟೆಂಟಿಗೆ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಸಹಿ ಹಾಕಿ ಎಂದರು. ಹೆದರಿ ಒಪ್ಪಲಿಲ್ಲ, ಸಿ.ಡಿ. ಹಿಡಿದುಕೊಂಡು ವಾಪಸು ಬಂದೆವು. ಇನ್ನೊಬ್ಬ ಡಾಕ್ಟರು ‘ಮೂರು ತಿಂಗಳು ಮಾತ್ರೆ ಕೊಟ್ಟು ನೋಡೋಣ’ ಅನ್ನುತ್ತಾರೆ. ದೊಡ್ಡಪ್ಪ ‘80 ಅಂದರೆ ಯಾವ ಹೊತ್ತಿಗೂ ನಿಂತುಬಿಡಬಹುದು’ ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ‘ಸ್ಟೆಂಟ್‌ನಿಂದ ಪ್ರಯೋಜನವಿಲ್ಲ ಎಂದು ಅಮೆರಿಕದ ಸಂಶೋಧನೆ ಸಾಬೀತು ಮಾಡಿದೆ, ಬೆಳ್ಳುಳ್ಳಿ–ಶುಂಠಿ–ನಿಂಬೆ ಕಷಾಯ ಸಾಕು’ ಎಂಬ ಸಂದೇಶ ಬಂದಿದೆ. ಯಾರ ಮಾತು ನಂಬುವುದು? ಹೆದರಿಕೆಯಿಂದ ಮೂರು ವಾರದಿಂದ ತಂದೆಯನ್ನು ತೋಟಕ್ಕೇ ಬಿಟ್ಟಿಲ್ಲ.

ಉತ್ತರ: ನೀವು ಬರೆದ ವಿವರದ ಪ್ರಕಾರ ತಂದೆಯವರದು ಸ್ಥಿರವಾದ ಎದೆನೋವು. ಶ್ರಮಪಟ್ಟಾಗ ಬರುತ್ತದೆ, ನಿಂತರೆ ಹೋಗುತ್ತದೆ, ತಿಂಗಳುಗಳಿಂದ ಒಂದೇ ಹದದಲ್ಲಿದೆ. ಇಂಥ ಸ್ಥಿತಿಯಲ್ಲಿ ಯೋಚಿಸಿ ನಿರ್ಧರಿಸಲು ನಿಮಗೆ ಕೆಲವು ವಾರಗಳ ಅವಕಾಶ ಇದೆ. ಅವಕಾಶವೇ ಇಲ್ಲದ ಸ್ಥಿತಿ ಬೇರೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೂತಲ್ಲೇ ನೋವು ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, 15–20 ನಿಮಿಷವಾದರೂ ಬಿಡದಿದ್ದರೆ, ಮೂವತ್ತು ಮೆಟ್ಟಿಲಿಗೆ ಬರುತ್ತಿದ್ದ ಬಿಗಿತ ಈಗ ಐದೇ ಮೆಟ್ಟಿಲಿಗೆ ಬರತೊಡಗಿದರೆ, ಜೊತೆಗೆ ತಣ್ಣನೆ ಬೆವರು, ಉಬ್ಬಸ ಇದ್ದರೆ, ಅದು ಹೃದಯಾಘಾತ ಅಥವಾ ಅದರ ಹೊಸ್ತಿಲು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಬೆವರು, ವಿಪರೀತ ಸುಸ್ತು, ಉಸಿರು ಕಟ್ಟುವುದು ಮಾತ್ರ ಇರಬಹುದು. ಆಗ 108ಕ್ಕೆ ಕರೆ ಮಾಡಿ. ಹೃದಯಾಘಾತದಲ್ಲಿ ಮುಚ್ಚಿದ ನಾಳವನ್ನು ಬೇಗ ತೆರೆದು ಸ್ಟೆಂಟ್ ಹಾಕುವುದು ಜೀವ ಉಳಿಸುತ್ತದೆ, ಇದರಲ್ಲಿ ಸಂದೇಹವೇ ಇಲ್ಲ. ವಾಟ್ಸಾಪ್ ಸಂದೇಶ ಈ ವಿಷಯವನ್ನೇ ಬಿಟ್ಟಿದೆ. ಅದನ್ನು ನಂಬಿ ಹೃದಯಾಘಾತದ ದಿನ ಮನೆಯಲ್ಲಿ ಕುಳಿತವರು ಬದುಕುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ನಿಮ್ಮ ಕಡೆಯಿಂದ ಮಂಗಳೂರು 50 ಕಿ.ಮೀ. ಆಸುಪಾಸು. ಹಾಗಾಗಿ ಒಂದು ಕೆಲಸ ಇವತ್ತೇ ಮಾಡಿ: ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಇಸಿಜಿ ತೆಗೆಯುತ್ತಾರೆ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇಟ್ಟಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಇಸಿಜಿ ಹತ್ತು ನಿಮಿಷದೊಳಗೆ ಆಗಬೇಕು. ಎರಡು ಗಂಟೆಯೊಳಗೆ ಬಲೂನಿನಿಂದ ನಾಳ ತೆರೆಯುವ ಚಿಕಿತ್ಸೆ ಸಿಗುವ ಹಾಗಿಲ್ಲ, ನೋವು ಶುರುವಾಗಿ 12 ಗಂಟೆ ಕಳೆದಿಲ್ಲ ಎಂದಾದರೆ, ಇಂಜೆಕ್ಷನ್ ಕೊಡಬಾರದ ಕಾರಣವೇನೂ ಇಲ್ಲದವರಿಗೆ ಅದನ್ನು ಕೊಟ್ಟು ಮುಂದೆ ಕಳಿಸುವುದು ಸರಿಯಾದ ಕ್ರಮ. 2020ರಲ್ಲಿ ಕೊರೊನಾ ಹೊತ್ತಿಗೆ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ದಾರಿಯನ್ನೇ ನಂಬಿದ್ದ ನಮ್ಮ ಜಿಲ್ಲೆಯವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಗಡಿಯ ಈಚೆಗಿನ ಒಂದು ಆಸ್ಪತ್ರೆಯ ಫೋನ್ ನಂಬರೂ ಮನೆಯ ಗೋಡೆಯಲ್ಲಿ ಇರಲಿ.

ಇನ್ನು ದೊಡ್ಡಪ್ಪನವರ ಹೆದರಿಕೆ. ಬ್ಲಾಕ್ ಅಂದ ಕೂಡಲೇ ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಕಸ ಕಟ್ಟಿದ ಚಿತ್ರ ಮನಸ್ಸಿಗೆ ಬರುತ್ತದೆ: 80 ಕಟ್ಟಿದೆ, ಇನ್ನು 20 ಕಟ್ಟಿದರೆ ನೀರು ನಿಂತಿತು. ರಕ್ತನಾಳ ಹಾಗಿಲ್ಲ. ಕೊಬ್ಬು ಸೇರುವುದು ನಾಳದ ಗೋಡೆಯ ಒಳಪದರದಲ್ಲಿ. ಅದರ ಮೇಲೊಂದು ಪೊರೆ ಇರುತ್ತದೆ. ಆ ಪೊರೆ ತೆಳುವಾಗಿ, ಉರಿಯೂತದಿಂದ ಬಿರಿದಾಗ ಒಳಗಿನ ಕೊಬ್ಬಿಗೆ ರಕ್ತ ತಾಗಿ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ. ಹೃದಯಾಘಾತ ಅಂದರೆ ಹೆಚ್ಚಾಗಿ ಇದೇ. ಬಿರಿಯುವ ಜಾಗ ಅತಿ ಕಿರಿದಾದ ಜಾಗವೇ ಆಗಬೇಕೆಂದಿಲ್ಲ. ಶೇ. 40, 50 ಇರುವ, ನೋವೇ ಕೊಡದ ಜಾಗವೂ ಬಿರಿಯುತ್ತದೆ. ಶೇ. 80ರ ಜಾಗದ ಮುಖ್ಯ ತೊಂದರೆ ಬೇರೆ: ಮೆಟ್ಟಿಲು ಹತ್ತುವಾಗ ಹೃದಯ ಕೇಳುವಷ್ಟು ರಕ್ತ ಅಲ್ಲಿ ಹಾದುಹೋಗುವುದಿಲ್ಲ, ಎದೆ ಬಿಗಿಯುತ್ತದೆ.

ಸ್ಟೆಂಟ್ ಆ ಒಂದು ಕಿರಿದು ಜಾಗವನ್ನು ಅಗಲ ಮಾಡುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಎಲ್ಲ ನಾಳಗಳ ಪೊರೆಯನ್ನೂ ಗಟ್ಟಿ ಮಾಡುತ್ತದೆ, ಆಸ್ಪಿರಿನ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಸ್ಟೆಂಟಿನ ಕೆಲಸ, ಮಾತ್ರೆಯ ಕೆಲಸ ಬೇರೆ ಬೇರೆ ಎಂಬುದು ತಿಳಿದರೆ ಇಬ್ಬರು ಡಾಕ್ಟರ ಮಾತಿನ ನಡುವಿನ ಜಗಳ ಅರ್ಧ ಮುಗಿಯಿತು.

ಉಳಿದರ್ಧಕ್ಕೆ ಸಂಶೋಧನೆಯನ್ನೇ ನೋಡಬೇಕು. ನಿಮಗೆ ತೋಟದ ಕೆಲಸ ಗೊತ್ತು, ಅದರಿಂದಲೇ ಹೇಳುತ್ತೇನೆ. ಗಾಳಿ ಬೆಳಕು ಚೆನ್ನಾಗಿರುವ ಪಾಲಿಗೆ ಹೊಸ ಮದ್ದು, ನೀರು ನಿಲ್ಲುವ ತಗ್ಗಿನ ಪಾಲಿಗೆ ಹಳೆಯ ಬೋರ್ಡೋ ದ್ರಾವಣ ಸಿಂಪಡಿಸಿ, ‘ಹೊಸ ಮದ್ದಿನ ಪಾಲಿನಲ್ಲಿ ಕೊಳೆರೋಗ ಕಡಿಮೆ’ ಎಂದು ಯಾರಾದರೂ ಹೇಳಿದರೆ ನೀವು ಒಪ್ಪುತ್ತೀರಾ? ಮರಗಳೇ ಬೇರೆ ಬೇರೆ ಸ್ಥಿತಿಯವು. ಮನುಷ್ಯರಲ್ಲೂ ಹಾಗೆಯೇ. ಅದಕ್ಕೇ ಒಳ್ಳೆಯ ಅಧ್ಯಯನದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ವೈದ್ಯರಿಗೂ ಆಯ್ಕೆ ಇಲ್ಲ, ರೋಗಿಗೂ ಇಲ್ಲ. ‘ನಮ್ಮ ಪಕ್ಕದ ಮನೆಯವರು ಸ್ಟೆಂಟ್ ಹಾಕಿಸಿ ಹತ್ತು ವರ್ಷ ಆರಾಮಾಗಿದ್ದಾರೆ’ ಎಂಬುದು ನಿಜವೇ ಇರಬಹುದು. ಹಾಕಿಸದಿದ್ದರೆ ಅವರು ಹೇಗಿರುತ್ತಿದ್ದರು ಎಂಬುದನ್ನು ಆ ಕಥೆ ಹೇಳುವುದಿಲ್ಲ.

ನೋವಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. 1950ರ ದಶಕದಲ್ಲಿ ಎದೆನೋವಿಗೆ ಎದೆಗೂಡಿನ ಒಳಗಿನ ಒಂದು ರಕ್ತನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬಹಳ ಮಂದಿ ಗುಣವಾಯಿತು ಎನ್ನುತ್ತಿದ್ದರು. 1959ರಲ್ಲಿ ಅಮೆರಿಕದಲ್ಲಿ 17 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು: ಕೆಲವರಿಗೆ ನಾಳ ಕಟ್ಟಿದರು, ಉಳಿದವರಿಗೆ ಚರ್ಮ ಕೊಯ್ದು ಹೊಲಿದರು ಅಷ್ಟೆ. ಎರಡೂ ಗುಂಪಿಗೆ ಒಂದೇ ರೀತಿ ‘ಗುಣ’ವಾಯಿತು. ಆ ಶಸ್ತ್ರಚಿಕಿತ್ಸೆ ಮೂಲೆ ಸೇರಿತು. ಅವರು ಸುಳ್ಳು ಹೇಳಿರಲಿಲ್ಲ, ನೋವು ನಿಜವಾಗಿಯೂ ಕಡಿಮೆಯಾಗಿತ್ತು. ದೊಡ್ಡ ಚಿಕಿತ್ಸೆಯಾಯಿತು ಎಂಬ ನಂಬಿಕೆಗೆ ಅಷ್ಟು ಶಕ್ತಿ ಇದೆ.

ಈಗ ಸ್ಟೆಂಟ್. ಜೀವ ಉಳಿಸುವ ಪ್ರಶ್ನೆಗೆ ಮೂರು ಅಧ್ಯಯನ ಸಾಕು. 2007ರ ‘ಕರೇಜ್’ನಲ್ಲಿ ಸ್ಥಿರ ಹೃದ್ರೋಗದ 2,287 ಮಂದಿ. ಅರ್ಧದಷ್ಟು ಮಂದಿಗೆ ಮಾತ್ರೆಯ ಜೊತೆ ಸ್ಟೆಂಟ್, ಉಳಿದವರಿಗೆ ಮಾತ್ರೆ ಮಾತ್ರ. ನಾಲ್ಕೂವರೆ ವರ್ಷದ ಆಸುಪಾಸಿನಲ್ಲಿ ಸಾವು ಅಥವಾ ಹೃದಯಾಘಾತ ಸ್ಟೆಂಟ್ ಗುಂಪಿನಲ್ಲಿ ಶೇ. 19, ಮಾತ್ರೆಯ ಗುಂಪಿನಲ್ಲಿ ಶೇ. 18.5. 2009ರ ‘ಬ್ಯಾರಿ 2ಡಿ’ಯಲ್ಲಿದ್ದ 2,368 ಮಂದಿಯೂ ತಂದೆಯವರ ಹಾಗೆ ಸಕ್ಕರೆ ಕಾಯಿಲೆಯವರು. ಐದು ವರ್ಷದ ಕೊನೆಗೆ ಬದುಕಿದ್ದವರು, ಮಾತ್ರೆಯ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಆದ ಗುಂಪಿನಲ್ಲೂ ಮಾತ್ರೆ ಮಾತ್ರದ ಗುಂಪಿನಲ್ಲೂ ಶೇ. 88ರ ಹತ್ತಿರ. 2020ರಲ್ಲಿ ಬಂದ ‘ಇಸ್ಕೀಮಿಯಾ’ ಎಲ್ಲಕ್ಕಿಂತ ದೊಡ್ಡದು: 5,179 ಮಂದಿ, ಭಾರತದ ಆಸ್ಪತ್ರೆಗಳ ರೋಗಿಗಳೂ ಸೇರಿ. ತಪಾಸಣೆಯಲ್ಲಿ ರಕ್ತದ ಕೊರತೆ ಚೆನ್ನಾಗಿಯೇ ಕಂಡವರನ್ನು ಆರಿಸಿದ್ದರು.

ಆ ‘ಇಸ್ಕೀಮಿಯಾ’ದ ಲೆಕ್ಕವನ್ನು ನಿಮ್ಮ ಅಂಗಳಕ್ಕೆ ತರೋಣ. ಒಂದು ಬದಿ ನೂರು ಮಂದಿ, ಅವರಿಗೆ ಮೊದಲೇ ಆಂಜಿಯೋಗ್ರಾಂ ಮಾಡಿ ಅಗತ್ಯವಿದ್ದವರಿಗೆ ಸ್ಟೆಂಟ್ ಅಥವಾ ಬೈಪಾಸ್. ಇನ್ನೊಂದು ಬದಿ ನೂರು ಮಂದಿ, ಅವರಿಗೆ ಮಾತ್ರೆ, ಅದು ಸಾಲದೆ ಹೋದರೆ ಮಾತ್ರ ಮುಂದಿನ ಚಿಕಿತ್ಸೆ. ಐದು ವರ್ಷದಲ್ಲಿ ಹೃದಯಾಘಾತ, ಹೃದಯದಿಂದ ಸಾವು, ಹೃದಯದ ತೊಂದರೆಗಾಗಿ ತುರ್ತಾಗಿ ಆಸ್ಪತ್ರೆ ಸೇರುವುದು ಇಂಥ ಅನಾಹುತ ಆದದ್ದು ಮೊದಲ ಬದಿಯಲ್ಲಿ ಸುಮಾರು 16 ಮಂದಿಗೆ, ಎರಡನೆಯ ಬದಿಯಲ್ಲಿ 18 ಮಂದಿಗೆ. ಇದು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣ ಅಂತರ. ಇಡೀ ಅಧ್ಯಯನದಲ್ಲಿ ಸತ್ತವರು ಒಂದು ಗುಂಪಿನಲ್ಲಿ 145, ಇನ್ನೊಂದರಲ್ಲಿ 144. ಮೊದಲ ಆರು ತಿಂಗಳಲ್ಲಂತೂ ಚಿಕಿತ್ಸೆಯ ಹೊತ್ತಿನ ತೊಂದರೆಗಳಿಂದಾಗಿ ಸ್ಟೆಂಟ್–ಬೈಪಾಸ್ ಬದಿಯಲ್ಲೇ ಅನಾಹುತ ತುಸು ಹೆಚ್ಚಿತ್ತು. ಮಾತ್ರೆಯ ಬದಿಯವರಲ್ಲಿ ಐದರಲ್ಲಿ ಒಬ್ಬರಿಗೆ ಮುಂದೆ ಸ್ಟೆಂಟ್ ಅಥವಾ ಬೈಪಾಸ್ ಬೇಕಾಯಿತು ಎಂಬುದನ್ನೂ ಬಿಡದೆ ಹೇಳಬೇಕು.

ನೋವಿನ ಪ್ರಶ್ನೆಗೆ ಉತ್ತರ ಬೇರೆಯೇ ಬರುತ್ತದೆ. ಅದೇ ಅಧ್ಯಯನದಲ್ಲಿ ದಿನವೋ ವಾರಕ್ಕೊಮ್ಮೆಯೋ ಎದೆನೋವು ಬರುತ್ತಿದ್ದವರಲ್ಲಿ, ಮೂರು ತಿಂಗಳಾಗುವಾಗ ನೋವು ಪೂರ್ತಿ ಹೋದದ್ದು ಸ್ಟೆಂಟ್–ಬೈಪಾಸ್ ಬದಿಯ ನೂರರಲ್ಲಿ ಸುಮಾರು 45 ಮಂದಿಗೆ, ಮಾತ್ರೆಯ ಬದಿಯಲ್ಲಿ ಸುಮಾರು 15 ಮಂದಿಗೆ. ಮೊದಲೇ ನೋವಿಲ್ಲದಿದ್ದವರಿಗೆ ಈ ಲಾಭ ಇರಲಿಲ್ಲ. ಆದರೆ ಇಲ್ಲಿ ಯಾರಿಗೆ ಏನು ಮಾಡಿದ್ದಾರೆಂದು ರೋಗಿಗೆ ಗೊತ್ತಿತ್ತು. 1959ರ ಪಾಠ ನೆನಪಿದ್ದ ಬ್ರಿಟನ್ನಿನ ವೈದ್ಯರು ಅದನ್ನೂ ಪರೀಕ್ಷಿಸಿದರು. 2017ರ ‘ಆರ್ಬಿಟಾ’ದಲ್ಲಿ 200 ಮಂದಿಗೆ ಮೊದಲು ಆರು ವಾರ ಮಾತ್ರೆಗಳನ್ನು ಹದಗೊಳಿಸಿ, ಆಮೇಲೆ ಅರ್ಧದಷ್ಟು ಮಂದಿಗೆ ಸ್ಟೆಂಟ್, ಉಳಿದವರಿಗೆ ಸ್ಟೆಂಟ್ ಹಾಕಿದ ಹಾಗೆ ಬರಿಯ ನಟನೆ. ನಡೆಯುವ ಯಂತ್ರದ ಮೇಲೆ ನಡೆಯಬಲ್ಲ ಹೊತ್ತಿನಲ್ಲಿ ಅಂತರ 16.6 ಸೆಕೆಂಡು, ಲೆಕ್ಕಕ್ಕೆ ಬಾರದಷ್ಟು. 2023ರ ‘ಆರ್ಬಿಟಾ–2’ರಲ್ಲಿ 301 ಮಂದಿಗೆ ಎದೆನೋವು ತಡೆಯುವ ಮಾತ್ರೆಗಳನ್ನು ನಿಲ್ಲಿಸಿ ಅದೇ ಪರೀಕ್ಷೆ ಮಾಡಿದಾಗ ಸ್ಟೆಂಟ್ ಸ್ಪಷ್ಟವಾಗಿ ಗೆದ್ದಿತು. ಆದರೂ ಸ್ಟೆಂಟ್ ಹಾಕಿಸಿದವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೋವು ಪೂರ್ತಿ ಹೋಗಲಿಲ್ಲ.

ಅಂದರೆ ತಂದೆಯವರಂಥ ಸ್ಥಿರ ಸ್ಥಿತಿಯಲ್ಲಿ ಸ್ಟೆಂಟನ್ನು ಆಯುಸ್ಸು ಹೆಚ್ಚಿಸುವುದಕ್ಕೆಂದು ಹಾಕಿಸಬೇಕಾಗಿಲ್ಲ. ಎದೆ ಬಿಗಿತ ಮಾತ್ರೆಗೆ ಬಗ್ಗದೆ ಇದ್ದಾಗ, ಅದನ್ನು ಕಡಿಮೆ ಮಾಡಲು ಸ್ಟೆಂಟ್ ಒಳ್ಳೆಯ ಉಪಾಯ. ಇಬ್ಬರು ಡಾಕ್ಟರೂ ನಿಮಗೆ ಸುಳ್ಳು ಹೇಳಿಲ್ಲ. ಒಬ್ಬರು ನೋವಿನ ಪ್ರಶ್ನೆಗೆ, ಇನ್ನೊಬ್ಬರು ಆಯುಸ್ಸಿನ ಪ್ರಶ್ನೆಗೆ ಉತ್ತರಿಸಿರಬಹುದು. ನಿಮ್ಮ ಮನೆಯ ಪ್ರಶ್ನೆ ಯಾವುದೆಂದು ನೀವೇ ಹೇಳಬೇಕು.

ಆದರೆ ಯಾವುದೇ ಅಧ್ಯಯನ ಓದುವಾಗ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬ ಪಟ್ಟಿಯನ್ನು ಮೊದಲು ನೋಡಬೇಕು. ಫಲಿತಾಂಶಕ್ಕಿಂತ ಅದು ಮುಖ್ಯ ಎಂದೇ ನನ್ನ ಅಭಿಪ್ರಾಯ. ‘ಇಸ್ಕೀಮಿಯಾ’ದಲ್ಲಿ ಎಡ ಮುಖ್ಯ ನಾಳ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಿರಿದಾದವರು ಇರಲಿಲ್ಲ, ಪಂಪಿಂಗ್ ಶೇ. 35ಕ್ಕಿಂತ ಕಡಿಮೆ ಇದ್ದವರು ಇರಲಿಲ್ಲ, ಇತ್ತೀಚೆಗೆ ಹೃದಯಾಘಾತವಾದವರು ಇರಲಿಲ್ಲ, ಮಾತ್ರೆ ತೆಗೆದುಕೊಂಡರೂ ತಡೆಯಲಾರದಷ್ಟು ನೋವಿದ್ದವರೂ ಇರಲಿಲ್ಲ. ಅವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ತಂದೆಯವರ ಎಡ ಮುಖ್ಯ ನಾಳ ಸರಿ ಇದೆ, ಪಂಪಿಂಗ್ ಶೇ. 60, ಆದ್ದರಿಂದ ಅವರಿಗೆ ಅನ್ವಯಿಸುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಆರ್‌ಸಿಎಯ ಶೇ. 50 ಕೂಡ ಶೇ. 70 ದಾಟಿದ್ದರೆ ಮಾತು ಬದಲಾಗುತ್ತಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಒಂದಕ್ಕಿಂತ ಹೆಚ್ಚು ಮುಖ್ಯ ನಾಳ ಹಾಗೆ ಕಿರಿದಾದಾಗ ಸ್ಟೆಂಟಿಗಿಂತ ಬೈಪಾಸ್ ಮೇಲು ಎಂದು 2012ರ ‘ಫ್ರೀಡಂ’ ಅಧ್ಯಯನ 1,900 ಮಂದಿಯಲ್ಲಿ ತೋರಿಸಿತು. ಐದು ವರ್ಷದಲ್ಲಿ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದದ್ದು ಸ್ಟೆಂಟ್ ಗುಂಪಿನಲ್ಲಿ ಶೇ. 26.6, ಬೈಪಾಸ್ ಗುಂಪಿನಲ್ಲಿ ಶೇ. 18.7. ಹಾಗಾಗಿ ಸಿ.ಡಿ.ಯನ್ನು ಇನ್ನೊಬ್ಬ ಹೃದ್ರೋಗ ತಜ್ಞರು ಸ್ವತಃ ಹಾಕಿ ನೋಡಲಿ. ಬರೆದ ವರದಿ ಸಾಲದು. ಕಣ್ಣಂದಾಜಿನ ಶೇಕಡಾ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಾಗುತ್ತದೆ.

ಕಷಾಯದ ವಿಷಯ ಬೇಗ ಮುಗಿಸುತ್ತೇನೆ. ಬೆಳ್ಳುಳ್ಳಿ–ಶುಂಠಿ–ನಿಂಬೆ ಕಷಾಯ ಬ್ಲಾಕ್ ಕರಗಿಸುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಜೇನು ಸೇರಿಸಿದರೆ ಸಕ್ಕರೆ ಏರುತ್ತದೆ. ಊಟದಲ್ಲಿ ಬೆಳ್ಳುಳ್ಳಿ ಇರಲಿ, ತೊಂದರೆ ಇಲ್ಲ. ಕಷಾಯ ಕುಡಿಯುತ್ತೇನೆಂದು ಮಾತ್ರೆ ಬಿಡುವುದರಲ್ಲಿದೆ ಅಪಾಯ. ಡ್ರಿಪ್ ಹಾಕಿ ಬ್ಲಾಕ್ ತೊಳೆಯುತ್ತೇವೆ ಎನ್ನುವ ಕೀಲೇಶನ್‌ಗೂ ದುಡ್ಡು ಸುರಿಯಬೇಡಿ. ಸಕ್ಕರೆ ಕಾಯಿಲೆ ಇದ್ದು ಹಿಂದೆ ಹೃದಯಾಘಾತವಾದವರ ಮೇಲೆ ನಡೆಸಿದ ‘ಟ್ಯಾಕ್ಟ್–2’ ಅಧ್ಯಯನ 2024ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ. ಮಾತ್ರೆಯಿಂದಲೂ 80 ಇದ್ದದ್ದು 20ಕ್ಕೆ ಇಳಿಯುವುದಿಲ್ಲ. ಕೊಬ್ಬು ತುಸು ಕುಗ್ಗುತ್ತದೆ, ಪೊರೆ ಗಟ್ಟಿಯಾಗುತ್ತದೆ, ನಿಮಗೆ ಬೇಕಾದದ್ದು ಅದೇ.

ಮಾತ್ರೆಯ ದಾರಿ ಹಿಡಿದರೆ ಅರೆಮನಸ್ಸಿನಿಂದ ಹಿಡಿಯಬೇಡಿ. ಅಧ್ಯಯನದಲ್ಲಿ ಮಾತ್ರೆ ಸ್ಟೆಂಟಿಗೆ ಸಮ ನಿಂತದ್ದು ಪೂರ್ತಿ ಪ್ರಮಾಣದಲ್ಲಿ, ಬಿಡದೆ ನುಂಗಿದಾಗ. ಸಾಮಾನ್ಯವಾಗಿ ಆಸ್ಪಿರಿನ್ 75 ಮಿ.ಗ್ರಾಂ., ಅಟೊರ್ವಾಸ್ಟಾಟಿನ್ 40 ಅಥವಾ 80 ಮಿ.ಗ್ರಾಂ., ನಾಡಿಯನ್ನು ನಿಧಾನಿಸುವ ಮೆಟೊಪ್ರೊಲಾಲ್‌ನಂಥದ್ದು, ಬೇಕಾದರೆ ರಕ್ತನಾಳವನ್ನು ಸಡಿಲಿಸುವ ಅಮ್ಲೊಡಿಪಿನ್ ಅಥವಾ ನೈಟ್ರೇಟ್. ಹತ್ತು ಮಿಲಿಗ್ರಾಂ ಸ್ಟಾಟಿನ್ ಕೊಟ್ಟು ‘ಮಾತ್ರೆ ಪ್ರಯೋಜನವಾಗಲಿಲ್ಲ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತ ಕೆಳಗೆ ಬರಬೇಕು. ಆರರಿಂದ ಎಂಟು ವಾರಕ್ಕೆ ಪರೀಕ್ಷೆ ಮಾಡಿಸಿ. ಬಿ.ಪಿ. 130/80ರ ಆಸುಪಾಸು, ಮೂರು ತಿಂಗಳ ಸಕ್ಕರೆಯ ಸರಾಸರಿ, ಅಂದರೆ ಎಚ್‌ಬಿಎ1ಸಿ, 7ರ ಹತ್ತಿರ. ಬೀಡಿ, ಹೊಗೆಸೊಪ್ಪು ಇದ್ದರೆ ಅದು ಪೂರ್ತಿ ನಿಲ್ಲಬೇಕು.

ಎಡವುವ ಜಾಗಗಳು ನಾಲ್ಕು. ನೈಟ್ರೇಟ್ ಮಾತ್ರೆಯನ್ನು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 3ಕ್ಕೆ ಎಂದು ಬರೆದಿದ್ದರೆ ಎರಡನೆಯದನ್ನು ರಾತ್ರಿ ಊಟದ ಮೇಲೆ ಎಂದು ಬದಲಿಸಬೇಡಿ. ದಿನವಿಡೀ ಮೈಯಲ್ಲಿದ್ದರೆ ದೇಹ ಒಗ್ಗಿಕೊಂಡು ಮದ್ದು ನಾಟುವುದಿಲ್ಲ. ಮೆಟೊಪ್ರೊಲಾಲನ್ನು ತಟ್ಟನೆ ನಿಲ್ಲಿಸಬೇಡಿ, ನೋವು ಜೋರಾಗಿ ಮರುಕಳಿಸಬಹುದು. ಸಕ್ಕರೆ ಇಳಿದಾಗ ಬರುವ ಎದೆಬಡಿತವನ್ನು ಅದು ಮರೆಮಾಡುತ್ತದೆ, ಬೆವರು ಬಂದರೆ ಸಕ್ಕರೆ ಪರೀಕ್ಷಿಸಿ. ಇನ್ನು ಸ್ಟಾಟಿನ್‌ನಿಂದ ಮೈಕೈ ನೋವು ಎಂಬ ದೂರು. 2020ರ ‘ಸ್ಯಾಮ್‌ಸನ್’ ಅಧ್ಯಯನದಲ್ಲಿ, ಹಿಂದೆ ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಮದ್ದಿಲ್ಲದ ಬರಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಸ್ಟಾಟಿನ್ ತಿಂಗಳುಗಳ ತೊಂದರೆಯ ಶೇ. 90ರಷ್ಟು ಬರಿ ಮಾತ್ರೆಯ ತಿಂಗಳುಗಳಲ್ಲೂ ಇತ್ತು. ನೋವು ಬಂದರೆ ಬಿಟ್ಟುಬಿಡಬೇಡಿ, ಡಾಕ್ಟರಿಗೆ ಹೇಳಿ. ಆದರೆ ಮೂತ್ರ ಕಪ್ಪಾಗಿ, ಸ್ನಾಯುಗಳ ಶಕ್ತಿಯೇ ಹೋದಂತಾದರೆ ಅಂದೇ ತೋರಿಸಬೇಕು.

ನಾಲಿಗೆಯ ಕೆಳಗಿಡುವ 5 ಮಿ.ಗ್ರಾಂ. ಸಾರ್ಬಿಟ್ರೇಟ್ ತಂದೆಯವರ ಕೈಯಲ್ಲೇ ಇರಲಿ, ತೋಟಕ್ಕೆ ಹೋಗುವಾಗ ಬೆವರಿಗೆ ಒದ್ದೆಯಾಗದ ಸಣ್ಣ ಡಬ್ಬಿಯಲ್ಲಿ. ಬಿಗಿತ ಬಂದರೆ ಮೊದಲು ಕುಳಿತುಕೊಳ್ಳಬೇಕು, ನಿಂತು ಇಟ್ಟುಕೊಂಡರೆ ಬಿ.ಪಿ. ಇಳಿದು ಬೀಳಬಹುದು. ಮಾತ್ರೆ ಇಟ್ಟ ಐದು ನಿಮಿಷದಲ್ಲಿ ಇಳಿಯದಿದ್ದರೆ, 15–20 ನಿಮಿಷ ಕಾಯದೆ 108. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆಯೊಳಗೆ, ಟಡಾಲಾಫಿಲ್ ತೆಗೆದುಕೊಂಡು 48 ಗಂಟೆಯೊಳಗೆ ಸಾರ್ಬಿಟ್ರೇಟ್ ಬಳಸಲೇಬಾರದು. ಮಕ್ಕಳೆದುರು ಹೇಳಲು ಸಂಕೋಚಪಡುತ್ತಾರೆ. ಡಾಕ್ಟರ ಬಳಿ ತಂದೆಯವರು ಒಬ್ಬರೇ ಮಾತಾಡಲು ಐದು ನಿಮಿಷ ಬಿಡಿ.

ಸ್ಟೆಂಟಿನ ದಾರಿ ಹಿಡಿಯುವುದಾದರೆ, ಚಿಕಿತ್ಸೆಯ ಹೊತ್ತಿನಲ್ಲಿ ಜೀವಾಪಾಯ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಕೈ ಅಥವಾ ತೊಡೆಯ ನಾಳದಲ್ಲಿ ರಕ್ತಸ್ರಾವ, ಬಣ್ಣದ ದ್ರಾವಣದಿಂದ ಕಿಡ್ನಿಗೆ ಹೊರೆ ಇವು ತಿಳಿದಿರಬೇಕಾದ ತೊಂದರೆಗಳು. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಷ್ಟಿದೆ, ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ ಇದ್ದರೆ ನಿಲ್ಲಿಸಬೇಕೇ ಎಂದು ಮುಂಚೆಯೇ ಕೇಳಿ. ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ಮಾತ್ರೆ. ಸ್ಥಿರ ರೋಗಕ್ಕೆ ಸ್ಟೆಂಟ್ ಹಾಕಿದರೆ ಆಸ್ಪಿರಿನ್ ಜೊತೆ ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ ಆರು ತಿಂಗಳು ಬೇಕು. ಹಲ್ಲು ಕೀಳಿಸಲೆಂದೋ ಊರಿಗೆ ಹೋದಾಗ ಮರೆತೋ ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು, ಅದು ಪ್ರಾಣಾಂತಿಕ. ಆರು ತಿಂಗಳೊಳಗೆ ಹರ್ನಿಯಾ, ಪ್ರಾಸ್ಟೇಟಿನಂಥ ಶಸ್ತ್ರಚಿಕಿತ್ಸೆ ಆಗಬೇಕಾಗಿದ್ದರೆ ಈಗಲೇ ಹೇಳಿ. ಸ್ಟೆಂಟ್ ಹಾಕಿಸಿದರೂ ಸ್ಟಾಟಿನ್, ಆಸ್ಪಿರಿನ್, ಬಿ.ಪಿ. ಮಾತ್ರೆ ಬಿಡುವ ಹಾಗಿಲ್ಲ. ಖರ್ಚಿನ ಬಗ್ಗೆ: ಸ್ಟೆಂಟಿನ ಬೆಲೆಗೆ 2017ರ ಫೆಬ್ರವರಿಯಿಂದ ಸರಕಾರದ ಮಿತಿ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಕಂಪನಿ, ಬೆಲೆ ಬೇರೆಯಾಗಿ ಬರೆಸಿಕೊಳ್ಳಿ.

ಟೇಬಲ್ ಮೇಲೆ ಸಹಿ ಕೇಳಿದಾಗ ಒಪ್ಪದೆ ಬಂದದ್ದು ತಪ್ಪಲ್ಲ. ಹೃದಯಾಘಾತ ಇಲ್ಲದಾಗ ಆ ನಿರ್ಧಾರವನ್ನು ಮರುದಿನ ಕುಳಿತು ಮಾಡಬಹುದು. ಮುಂದಿನ ಭೇಟಿಗೆ ಕಾಗದದಲ್ಲಿ ಬರೆದುಕೊಂಡು ಹೋಗಿ: ಈ ಸ್ಟೆಂಟ್ ಆಯುಸ್ಸಿಗೋ ನೋವಿಗೋ? ಹಾಕಿಸದಿದ್ದರೆ ನೂರರಲ್ಲಿ ಎಷ್ಟು ಮಂದಿಗೆ ಏನಾಗುತ್ತದೆ, ಹಾಕಿಸಿದರೆ ಎಷ್ಟು? ‘ಅಪಾಯ ಅರ್ಧಕ್ಕೆ ಇಳಿಯುತ್ತದೆ’ ಎಂದರೆ ಎಷ್ಟರ ಅರ್ಧ ಎಂದು ಕೇಳಿ. ನೂರರಲ್ಲಿ 20 ಇದ್ದದ್ದು 10 ಆಗುವುದೂ ಅರ್ಧವೇ, 2 ಇದ್ದದ್ದು 1 ಆಗುವುದೂ ಅರ್ಧವೇ. ತಾಳ್ಮೆಯಿಂದ ಉತ್ತರಿಸುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

ನನ್ನ ಸಲಹೆ: ಸಿ.ಡಿ. ಮರುಪರಿಶೀಲನೆಯಲ್ಲಿ ಹೊಸದೇನೂ ಕಾಣದಿದ್ದರೆ, ಮೂರು ತಿಂಗಳು ಪೂರ್ತಿ ಪ್ರಮಾಣದ ಮಾತ್ರೆ. ಆಮೇಲೂ ಬಿಗಿತ ತಂದೆಯವರ ಕೆಲಸಕ್ಕೆ ಅಡ್ಡ ಬಂದರೆ ಸ್ಟೆಂಟ್ ಹಾಕಿಸಿ, ಆಗ ಅದು ಸರಿಯಾದ ಕಾರಣಕ್ಕೆ ಆಗುತ್ತದೆ. ದಿನಕ್ಕೆ ಮೂರು ನಾಲ್ಕು ಮಾತ್ರೆ ನುಂಗುವುದೇ ಬೇಡ, ನೋವು ಬೇಗ ಹೋಗಲಿ ಎಂದು ಅವರೇ ಹೇಳಿದರೆ, ಸ್ಟೆಂಟ್ ಹಾಕಿಸಿದ ಮೇಲೂ ಮುಖ್ಯ ಮಾತ್ರೆಗಳು ಉಳಿಯುತ್ತವೆ ಎಂದು ತಿಳಿಸಿ. ಅದು ಗೊತ್ತಿದ್ದೂ ಸ್ಟೆಂಟನ್ನೇ ಆರಿಸಿದರೆ ಅದೂ ತಪ್ಪು ನಿರ್ಧಾರವೇನಲ್ಲ.

ತೋಟಕ್ಕೆ ಬಿಡಿ. ಕೂರಿಸಿಟ್ಟರೆ ಸಕ್ಕರೆ, ಬಿ.ಪಿ. ಎರಡೂ ಏರುತ್ತವೆ. ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ ಐದು ನಿಮಿಷ ಏರಿಸುತ್ತ ಅರ್ಧ ಗಂಟೆಗೆ ತನ್ನಿ. ಊಟವಾದ ಕೂಡಲೇ ಮೆಟ್ಟಿಲು ಹತ್ತುವುದು ಬೇಡ. ಅಡಿಕೆ ಗೊನೆ ಹೊರುವ ಕೆಲಸ ಸದ್ಯ ಬೇರೆಯವರು ಮಾಡಲಿ. ಅಂಗಳಕ್ಕೆ ಹತ್ತುವಾಗ ಎಷ್ಟನೆಯ ಮೆಟ್ಟಿಲಿಗೆ ಬಿಗಿತ ಬಂತು, ಎಷ್ಟು ನಿಮಿಷಕ್ಕೆ ಬಿಟ್ಟಿತು ಎಂದು ಕ್ಯಾಲೆಂಡರಿನ ಆಯಾ ತಾರೀಕಿನ ಮೇಲೆ ಬರೆದಿಡಿ. ಮೂರು ತಿಂಗಳ ಆ ಪುಟಗಳನ್ನು ಡಾಕ್ಟರ ಮುಂದಿಟ್ಟರೆ ಮಾತ್ರೆ ಸಾಕಾಯಿತೋ ಇಲ್ಲವೋ ಎಂಬುದು ಅಲ್ಲೇ ಕಾಣುತ್ತದೆ.